ಭರಣಿ, ಚೀಟಿ ಮತ್ತು ಕಪಾಟು: ಕಂಪ್ಯೂಟರು ಇಟ್ಟುಕೊಳ್ಳುವ ಬಗೆ

ಇಡುವುದು ಒಂದು ವಿದ್ಯೆ. ಇಟ್ಟದ್ದನ್ನು ಬೇಕಾದ ಹೊತ್ತಿಗೆ ಕೆಡದೆ ಹೊರಗೆ ತೆಗೆಯುವುದು ಇನ್ನೊಂದು ವಿದ್ಯೆ. ಬೇಸಗೆಯಲ್ಲಿ ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಕತ್ತಲೆ ಕೋಣೆಯಲ್ಲಿ ಸಾಲಾಗಿ ಇಡುವ ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಈ ಎರಡೂ ವಿದ್ಯೆಗಳು ಚೆನ್ನಾಗಿ ಗೊತ್ತು. ಯಾವ ಭರಣಿಯಲ್ಲಿ ಯಾವ ಮರದ ಮಿಡಿ, ಯಾವುದು ಹೋದ ವರ್ಷದ್ದು, ಯಾವುದನ್ನು ಮೊದಲು ತೆಗೆಯಬೇಕು ಎಂಬುದನ್ನು ಅವರು ಮನಸ್ಸಿನಲ್ಲಿಯೋ ಭರಣಿಗೆ ಅಂಟಿಸಿದ ಚೀಟಿಯಲ್ಲಿಯೋ ಬರೆದಿಟ್ಟುಕೊಂಡಿರುತ್ತಾರೆ.

ಕಂಪ್ಯೂಟರಿನ ಲೋಕದಲ್ಲೂ ಇದೇ ಸಮಸ್ಯೆ ಉಂಟು. ವಿಶೇಷವೆಂದರೆ, ಅಲ್ಲಿನವರು ಅದರ ಪರಿಹಾರಕ್ಕೆ ಇಟ್ಟ ಹೆಸರುಗಳೂ ಅಡುಗೆಮನೆಯಿಂದಲೇ ಬಂದಂತಿವೆ. ‘ಪೈಥಾನ್’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮಾಹಿತಿಯನ್ನು ಕೆಡದಂತೆ ಕಟ್ಟಿಡುವ ಸಾಧನದ ಹೆಸರು ‘ಪಿಕಲ್’. ಉಪ್ಪಿನಕಾಯಿ ಎಂದೇ ಅದರ ಅರ್ಥ. ಹಾಗೆ ಕಟ್ಟಿದ್ದನ್ನು ಹೆಸರು ಹಚ್ಚಿ ಜೋಡಿಸಿಡುವ ಸಾಧನ ‘ಶೆಲ್ವ್’. ಕಪಾಟಿನಲ್ಲಿ ಇಡು ಎಂದು ಅದರ ಅರ್ಥ. ಸಿದ್ಧವಾಗಿ ಬರೆದಿಟ್ಟು ಬೇಕಾದವರು ಬಳಸಿಕೊಳ್ಳಲೆಂದು ಕೊಟ್ಟ ಇಂತಹ ಪ್ರೋಗ್ರಾಮುಗಳ ಕಟ್ಟಿಗೆ ಕಂಪ್ಯೂಟರಿನವರು ‘ಲೈಬ್ರರಿ’ ಎನ್ನುತ್ತಾರೆ. ಈ ಕಪಾಟಿನ ಪರಿಚಯವನ್ನು ಇಂದು ಓದುಗರಿಗೆ ಮಾಡಿಕೊಡೋಣವೆಂದು ನಮ್ಮ ಅಪೇಕ್ಷೆ. ಇದು ಇಂಜಿನಿಯರುಗಳಿಗೆ ಮಾತ್ರ ಸೇರಿದ ವಿಷಯವಲ್ಲ. ನಮ್ಮ ಮಕ್ಕಳ ಹೆಸರು ಕನ್ನಡದಲ್ಲಿ ಬರೆದಂತೆಯೇ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆಯೂ ಇದರೊಳಗೆ ಅಡಗಿದೆ.

ಕರೆಂಟು ಹೋದರೆ ಮರೆವು

ಕಂಪ್ಯೂಟರಿಗೆ ಎರಡು ಬಗೆಯ ನೆನಪು. ಒಂದು, ಕೆಲಸ ಮಾಡುತ್ತಿರುವಾಗ ಮಾತ್ರ ಇರುವ ನೆನಪು. ಕರಿಹಲಗೆಯ ಮೇಲೆ ಬರೆದ ಲೆಕ್ಕದಂತೆ ಅದು. ಬರೆಯಲು ಬೇಗ, ಅಳಿಸಲು ಇನ್ನೂ ಬೇಗ. ಪ್ರೋಗ್ರಾಮು ಮುಗಿದೊಡನೆ, ಇಲ್ಲವೇ ಮಳೆಗಾಲದ ಗಾಳಿಗೆ ಕರೆಂಟು ಹೋದೊಡನೆ ಅಲ್ಲಿದ್ದುದೆಲ್ಲ ಮಾಯ. ಇನ್ನೊಂದು, ಡಿಸ್ಕಿನಲ್ಲಿ ಉಳಿಯುವ ನೆನಪು. ಇದು ದಾಖಲೆ ಪುಸ್ತಕದಂತೆ. ಬರೆಯಲು ಸ್ವಲ್ಪ ನಿಧಾನವಾದರೂ ಕರೆಂಟಿನ ಹಂಗಿಲ್ಲ.

ಪ್ರೋಗ್ರಾಮು ಬರೆಯುವವನ ತೊಂದರೆ ಇಲ್ಲಿಯೇ ಆರಂಭ. ಮೊದಲನೆಯ ನೆನಪಿನಲ್ಲಿ ಮಾಹಿತಿಗೆ ಒಂದು ಆಕಾರವಿರುತ್ತದೆ. ಒಬ್ಬ ವಿದ್ಯಾರ್ಥಿನಿಯ ವಿವರ ಎಂದರೆ ಅದರಲ್ಲಿ ಹೆಸರು, ಹುಟ್ಟಿದ ದಿನ, ಊರು, ಆರು ವಿಷಯಗಳ ಅಂಕಗಳ ಪಟ್ಟಿ, ಆ ಪಟ್ಟಿಯೊಳಗೆ ಮತ್ತೆ ಒಂದೊಂದು ಪರೀಕ್ಷೆಯ ಅಂಕ, ಹೀಗೆ ಕವಲು ಕವಲಾಗಿ ಹರಡಿರುತ್ತದೆ. ಇಂತಹ ಆಕಾರವುಳ್ಳ ಮಾಹಿತಿಗೆ ‘ಆಬ್ಜೆಕ್ಟ್’ ಎಂದು ಹೆಸರು; ನಾವು ‘ವಸ್ತು’ ಎನ್ನೋಣ. ಡಿಸ್ಕಿಗಾದರೋ ಆಕಾರ ತಿಳಿಯದು. ಅಲ್ಲಿ ಬೈಟುಗಳ ಒಂದು ಉದ್ದನೆಯ ಸಾಲು ಮಾತ್ರ. ಮರವನ್ನು ಸಾಲಾಗಿಸಿ ಕಟ್ಟಬೇಕು, ಮರಳಿ ಬಿಚ್ಚಿದಾಗ ಅದೇ ಮರ ನಿಲ್ಲಬೇಕು. ಇದಿಷ್ಟೇ ಸಮಸ್ಯೆ.

ಚೀಟಿ ನೋಡಿ ಭರಣಿ ತೆಗೆ

ಮೊದಲು ಚೀಟಿಯ ಮಾತನ್ನು ಮುಗಿಸೋಣ. ಒಂದು ಗುರುತು ಹೇಳಿದರೆ ಅದಕ್ಕೆ ಸೇರಿದ ಒಂದು ವಸ್ತುವನ್ನು ತಂದುಕೊಡುವ ಭಂಡಾರಕ್ಕೆ ‘ಕೀ-ವ್ಯಾಲ್ಯೂ’ ಭಂಡಾರವೆನ್ನುತ್ತಾರೆ. ಗುರುತೇ ಕೀ, ಅದಕ್ಕೆ ಸೇರಿದ ವಸ್ತುವೇ ವ್ಯಾಲ್ಯೂ. ಕೀ ಎಂದಾಕ್ಷಣ ಬೀಗದ ಕೈ ಎಂದು ತಿಳಿಯಬಾರದು. ಇಲ್ಲಿ ಬೀಗವೇ ಇಲ್ಲ. ಭರಣಿಗೆ ಅಂಟಿಸಿದ ಚೀಟಿ ಎಂದು ತಿಳಿದರೆ ಸರಿ.

ಸಾವಿರ ಭರಣಿಗಳಿರುವಲ್ಲಿ ಒಂದನ್ನು ಹುಡುಕುವುದು ಹೇಗೆ? ಒಂದೊಂದೇ ಚೀಟಿ ಓದುತ್ತಾ ಹೋದರೆ ದಿನ ಕಳೆದೀತು. ಇದಕ್ಕೊಂದು ಉಪಾಯ. ಶಾಲೆಯ ಕಚೇರಿಯಲ್ಲಿ ನೂರು ಗೂಡುಗಳ ಒಂದು ಕಪಾಟು ಇದೆ ಎಂದುಕೊಳ್ಳಿ. ಪ್ರವೇಶ ಸಂಖ್ಯೆ 4372 ಇರುವ ಮಗುವಿನ ಕಾಗದಗಳನ್ನು ಕೊನೆಯ ಎರಡು ಅಂಕೆ ನೋಡಿ 72ನೆಯ ಗೂಡಿನಲ್ಲಿ ಇಡುವುದು. ಹುಡುಕುವಾಗಲೂ ನೇರ 72ಕ್ಕೆ ಕೈ ಹಾಕುವುದು. 5172 ಸಂಖ್ಯೆಯ ಮಗುವಿನ ಕಾಗದವೂ ಅದೇ ಗೂಡಿನಲ್ಲಿದ್ದೀತು. ಅಲ್ಲಿರುವ ನಾಲ್ಕಾರು ಕಾಗದಗಳಲ್ಲಿ ಬೇಕಾದುದನ್ನು ಆರಿಸಿಕೊಂಡರಾಯಿತು. ಚೀಟಿಯಲ್ಲಿ ಅಂಕೆಯ ಬದಲು ಹೆಸರಿದ್ದರೆ, ಅಕ್ಷರಗಳ ಸಂಕೇತಸಂಖ್ಯೆಗಳಿಂದ ಒಂದು ಲೆಕ್ಕ ಮಾಡಿ ಗೂಡಿನ ಸಂಖ್ಯೆ ಪಡೆಯಬಹುದು. ಈ ಲೆಕ್ಕಕ್ಕೆ ‘ಹ್ಯಾಶಿಂಗ್’ ಎಂದು ಹೆಸರು.

ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಮ್ಸನ್ ಎಂಬವರು 1979ರಲ್ಲಿ ಇದೇ ತತ್ವದ ಮೇಲೆ ‘ಡಿಬಿಎಂ’ ಎಂಬ ಲೈಬ್ರರಿಯನ್ನು ರಚಿಸಿದರು. ಡೆನಿಸ್ ರಿಚಿಯವರೊಂದಿಗೆ ಸೇರಿ ‘ಯುನಿಕ್ಸ್’ ಎಂಬ ಪ್ರಸಿದ್ಧ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಿದವರು ಇವರೇ. ಭಂಡಾರ ಎಷ್ಟು ದೊಡ್ಡದಾಗಿದ್ದರೂ ಒಂದೆರಡು ಸಲ ಡಿಸ್ಕನ್ನು ಮುಟ್ಟಿದರೆ ಬೇಕಾದುದು ಸಿಗುವುದು ಡಿಬಿಎಂನ ಹೆಚ್ಚುಗಾರಿಕೆಯಾಗಿತ್ತು. ಮುಂದೆ 1986ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದಿಂದ ‘ಎನ್‌ಡಿಬಿಎಂ’ ಬಂದಿತು. ಎಲ್ಲರೂ ಸ್ವತಂತ್ರವಾಗಿ ಬಳಸಬಹುದಾದ ತಂತ್ರಾಂಶಗಳನ್ನು ಕಟ್ಟುವ ‘ಗ್ನೂ’ ಯೋಜನೆಯವರು ತಮ್ಮದೇ ಆದ ‘ಜಿಡಿಬಿಎಂ’ ಅನ್ನು ರಚಿಸಿದರು. ಒಂದೇ ಮನೆತನದ ಮೂರು ತಲೆಗಳಿವು.

ಈ ಭಂಡಾರಗಳಲ್ಲಿ ಒಂದು ಕೊರತೆ ಇತ್ತು. ಚೀಟಿಯೂ ಬೈಟುಗಳ ಸಾಲು, ಒಳಗಿನ ಸರಕೂ ಬೈಟುಗಳ ಸಾಲು. ಆಕಾರವುಳ್ಳ ವಸ್ತುವನ್ನು ಹಾಗೆಯೇ ಒಪ್ಪಿಸಲು ಬರುತ್ತಿರಲಿಲ್ಲ.

ವಸ್ತುವನ್ನು ಉಪ್ಪಿಗೆ ಹಾಕುವುದು

ಈ ಕೊರತೆಯನ್ನು ತುಂಬಿದ ಸಾಧನಗಳಲ್ಲಿ ಪೈಥಾನಿನ ಪಿಕಲ್ ಒಂದು. ನೆದರ್‌ಲ್ಯಾಂಡ್ಸಿನ ಗೀಡೊ ವಾನ್ ರೋಸಮ್ ಎಂಬವರು ಆಮ್‌ಸ್ಟರ್‌ಡಾಮಿನ ಗಣಿತ ಸಂಶೋಧನ ಕೇಂದ್ರದಲ್ಲಿ ಕೆಲಸದಲ್ಲಿದ್ದಾಗ, 1989ರ ಕ್ರಿಸ್‌ಮಸ್ ರಜೆಯಲ್ಲಿ ಪೈಥಾನನ್ನು ಬರೆಯಲು ತೊಡಗಿದರು. 1991ರಲ್ಲಿ ಅದು ಎಲ್ಲರ ಕೈಗೆ ಬಂತು. ಹೆಸರು ಹೆಬ್ಬಾವಿನದಲ್ಲ; ಬ್ರಿಟನ್ನಿನ ಒಂದು ಹಾಸ್ಯ ಕಾರ್ಯಕ್ರಮದ್ದು. ಓದಲು ಸರಳವಾದ ಭಾಷೆ ಎಂಬ ಕಾರಣದಿಂದ ಇಂದು ಜಗತ್ತಿನ ಅನೇಕ ಕಡೆ ಮಕ್ಕಳಿಗೆ ಇದನ್ನೇ ಮೊದಲು ಕಲಿಸುತ್ತಾರೆ.

ಪಿಕಲ್ ಮಾಡುವ ಕೆಲಸವಿಷ್ಟು: ಒಂದು ವಸ್ತುವನ್ನು ಕೊಟ್ಟರೆ ಅದರ ಕವಲುಗಳಲ್ಲಿ ಒಂದೊಂದನ್ನೇ ಅನುಸರಿಸಿ ಹೋಗಿ, ಇಲ್ಲಿ ಒಂದು ಪಟ್ಟಿ, ಅದರಲ್ಲಿ ಆರು ಸಂಖ್ಯೆ, ಇಲ್ಲಿ ಒಂದು ಹೆಸರು ಎಂದು ಸಾಲಾಗಿ ಬರೆದಿಡುತ್ತದೆ. ಬಿಚ್ಚುವಾಗ ಆ ಬರಹವನ್ನು ಆಜ್ಞೆಗಳಂತೆ ಓದಿ ವಸ್ತುವನ್ನು ಹೊಸದಾಗಿ ಕಟ್ಟುತ್ತದೆ. ಈ ಆಜ್ಞೆ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ಒಂದು ಅಪಾಯ ಹುಟ್ಟುವುದನ್ನು ನೋಡಲಿದ್ದೇವೆ.

ಶೆಲ್ವ್ ಎಂಬುದು ಈ ಎರಡನ್ನು ಬೆಸೆದ ಸಾಧನ. ಭರಣಿ ತುಂಬಿಸುವುದು ಪಿಕಲಿನ ಕೆಲಸ, ಚೀಟಿ ನೋಡಿ ಗೂಡಿಗೆ ಸೇರಿಸುವುದು ಡಿಬಿಎಂ ಮನೆತನದ ಕೆಲಸ. ಪ್ರೋಗ್ರಾಮು ಬರೆಯುವವನಿಗೆ ಉಳಿಯುವುದು ನಾಲ್ಕೇ ಕೆಲಸ: ಕಪಾಟು ತೆರೆ, ಚೀಟಿ ಹಚ್ಚಿ ಇಡು, ಚೀಟಿ ಹೇಳಿ ತೆಗೆ, ಕಪಾಟು ಮುಚ್ಚು. ಒಂದೊಂದಕ್ಕೂ ಒಂದೊಂದು ಸಾಲು ಬರೆದರೆ ಸಾಕು. ಬೇರೆ ಏನನ್ನೂ ಕೊಳ್ಳಬೇಕಾಗಿಲ್ಲ; ಪೈಥಾನಿನ ಜೊತೆಗೇ ಇದು ಬರುತ್ತದೆ.

ಕಪಾಟಿನ ಮುಂದೆ ಎಚ್ಚರ

ಒದ್ದೆ ಕೈ ಹಾಕಿದರೆ ಉಪ್ಪಿನಕಾಯಿ ಹೇಗೆ ಕೆಡುವುದೋ ಹಾಗೆ ಇಲ್ಲಿಯೂ ಕೆಲವು ಕಟ್ಟುಪಾಡುಗಳಿವೆ. ಹೊಸಬರು ಎಡವುವುದು ಹೆಚ್ಚಾಗಿ ಇವುಗಳಲ್ಲಿಯೇ.

ಒಂದನೆಯದು: ಕಪಾಟಿನಿಂದ ತೆಗೆದುಕೊಂಡದ್ದು ಭರಣಿಯನ್ನಲ್ಲ, ಅದರ ಪ್ರತಿಯನ್ನು. 4372ನೆಯ ಮಗುವಿನ ವಿವರವನ್ನು ತೆಗೆದು, ಅಂಕಪಟ್ಟಿಗೆ ಗಣಿತದ ಹೊಸ ಅಂಕವನ್ನು ಸೇರಿಸಿದೆವು ಎನ್ನೋಣ. ಸೇರಿಸಿದ್ದು ಕೈಯಲ್ಲಿರುವ ಪ್ರತಿಗೆ. ಕಪಾಟಿಗೆ ಅದರ ಸುದ್ದಿಯೇ ಇಲ್ಲ. ತಿದ್ದಿದ ವಸ್ತುವನ್ನು ಅದೇ ಚೀಟಿಯ ಕೆಳಗೆ ಮತ್ತೆ ಇಟ್ಟರೆ ಮಾತ್ರ ಉಳಿಯುತ್ತದೆ. ‘ರೈಟ್‌ಬ್ಯಾಕ್’ ಎಂಬ ಏರ್ಪಾಡನ್ನು ಹೇಳಿ ಕಪಾಟು ತೆರೆದರೆ, ತೆಗೆದುದನ್ನೆಲ್ಲ ನೆನಪಿಟ್ಟು ಮುಚ್ಚುವಾಗ ಅದೇ ಮರಳಿ ಇಡುತ್ತದೆ. ಆದರೆ ಸಾವಿರ ವಸ್ತುಗಳನ್ನು ಮುಟ್ಟಿದ್ದರೆ ಸಾವಿರವನ್ನೂ ಮರಳಿ ಬರೆಯುತ್ತದೆ. ಇದರಿಂದ ನೆನಪಿನ ಜಾಗೆಯೂ ಸಮಯವೂ ಖರ್ಚು.

ಎರಡನೆಯದು: ಮುಚ್ಚುವುದನ್ನು ಮರೆಯಬಾರದು. ಬರೆದದ್ದೆಲ್ಲ ಡಿಸ್ಕಿಗೆ ಇಳಿದಿದೆ ಎಂಬ ಭರವಸೆ ಮುಚ್ಚಿದ ಮೇಲೆಯೇ. ಇಬ್ಬರು ಒಟ್ಟಿಗೆ ಒಂದೇ ಕಪಾಟಿಗೆ ಬರೆಯಲೂ ಬಾರದು. ಒಬ್ಬರು ಬರೆಯುತ್ತಿರುವಾಗ ಬೇರೆ ಯಾರೂ ಅದನ್ನು ತೆರೆದಿರಬಾರದೆಂದು ಇದನ್ನು ರಚಿಸಿದವರೇ ಹೇಳಿದ್ದಾರೆ.

ಮೂರನೆಯದು: ಭರಣಿಯಲ್ಲಿ ಅಡುಗೆಯ ಕ್ರಮ ಇರುವುದಿಲ್ಲ. ವಸ್ತುವಿನ ವಿವರಗಳನ್ನು ಪಿಕಲ್ ಕಟ್ಟಿಡುತ್ತದೆ. ಅದು ಯಾವ ಜಾತಿಯ ವಸ್ತು ಎಂಬುದಕ್ಕೆ ಹೆಸರನ್ನಷ್ಟೇ ಬರೆದಿಡುತ್ತದೆ. ‘ವಿದ್ಯಾರ್ಥಿ’ ಎಂಬ ಜಾತಿಯ ಲಕ್ಷಣಗಳನ್ನು ಬರೆದ ಪ್ರೋಗ್ರಾಮು ಕಳೆದುಹೋದರೆ, ಇಲ್ಲವೇ ಅದರ ಹೆಸರನ್ನು ಬದಲಾಯಿಸಿದರೆ, ಭರಣಿ ಇದ್ದೂ ಬಿಚ್ಚಲು ಬಾರದು. ಆದುದರಿಂದ ಕಪಾಟನ್ನು ಉಳಿಸಿಕೊಳ್ಳುವವರು ಪ್ರೋಗ್ರಾಮನ್ನೂ ಜೊತೆಗೆ ಉಳಿಸಿಕೊಳ್ಳಬೇಕು.

ನಾಲ್ಕನೆಯದು: ಅಣ್ಣ ತಂಗಿ ಇಬ್ಬರೂ ಒಂದೇ ಶಾಲೆಯಲ್ಲಿದ್ದಾರೆ ಎಂದುಕೊಳ್ಳಿ. ಇಬ್ಬರ ವಿವರಗಳ ಒಳಗೂ ತಂದೆಯ ವಿವರವನ್ನು ಸೇರಿಸಿ ಬೇರೆ ಬೇರೆ ಚೀಟಿಗಳ ಕೆಳಗೆ ಇಟ್ಟರೆ ಕಪಾಟಿನಲ್ಲಿ ಒಬ್ಬ ತಂದೆ ಇಬ್ಬರಾಗುತ್ತಾನೆ! ಅಣ್ಣನ ಭರಣಿಯಲ್ಲಿ ತಂದೆಯ ಫೋನ್ ಸಂಖ್ಯೆ ತಿದ್ದಿದರೆ ತಂಗಿಯದರಲ್ಲಿ ಹಳೆಯದೇ ಉಳಿಯುತ್ತದೆ. ತಂದೆಯ ವಿವರಕ್ಕೆ ಬೇರೆಯೇ ಚೀಟಿ ಮಾಡಿ, ಮಕ್ಕಳ ಭರಣಿಯಲ್ಲಿ ಆ ಚೀಟಿಯ ಹೆಸರನ್ನಷ್ಟೇ ಬರೆದಿಟ್ಟರೆ ಈ ಗೊಂದಲವಿಲ್ಲ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಗುರುತಿಲ್ಲದವರು ಕಟ್ಟಿಕೊಟ್ಟ ಭರಣಿಯನ್ನು ಬಿಚ್ಚಬಾರದು. ಪಿಕಲ್ ಬಿಚ್ಚುವುದೆಂದರೆ ಒಳಗಿನ ಆಜ್ಞೆಗಳನ್ನು ನಡೆಸುವುದೆಂದು ಮೇಲೆ ಹೇಳಿದೆವಷ್ಟೆ. ಕೆಟ್ಟ ಬುದ್ಧಿಯವರು ಅದರಲ್ಲಿ ‘ಈ ಕಂಪ್ಯೂಟರಿನ ಫೈಲುಗಳನ್ನು ಅಳಿಸು’ ಎಂಬ ಆಜ್ಞೆಯನ್ನೂ ಸೇರಿಸಿಟ್ಟಿರಬಹುದು. ಬಿಚ್ಚಿದ ಗಳಿಗೆಯಲ್ಲೇ ಅದು ನಡೆದುಹೋಗುತ್ತದೆ. ಹಾಗೆಯೇ, ಕಪಾಟಿಗೆ ಬೀಗವಿಲ್ಲ ಎಂಬುದನ್ನೂ ಮರೆಯಬಾರದು. ಫೈಲು ಕೈಗೆ ಸಿಕ್ಕಿದವರಿಗೆ ಒಳಗಿರುವುದೆಲ್ಲ ಕಾಣುತ್ತದೆ. ಮಕ್ಕಳ ವಿಳಾಸ, ಮನೆಯ ಫೋನ್ ಸಂಖ್ಯೆಗಳನ್ನು ಹತ್ತು ಜನ ಬಳಸುವ ಕಂಪ್ಯೂಟರಿನಲ್ಲಿ ಹೀಗೆ ಇಡತಕ್ಕದ್ದಲ್ಲ.

ಇನ್ನು, ಚೀಟಿಯಿಲ್ಲದೆ ಹುಡುಕುವ ಕೆಲಸಕ್ಕೆ ಈ ಕಪಾಟು ಅನುಕೂಲವಲ್ಲ. ‘ಬದಿಯಡ್ಕದಿಂದ ಬರುವ ಮಕ್ಕಳು ಯಾರು ಯಾರು?’ ಎಂದು ಕೇಳಿದರೆ ಎಲ್ಲ ಭರಣಿಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಬೇಕು. ಅಂತಹ ಪ್ರಶ್ನೆಗಳು ಹೆಚ್ಚಾಗಿರುವಲ್ಲಿ ಅಡ್ಡಸಾಲು ನೀಟಸಾಲುಗಳ ಕೋಷ್ಟಕದ ಭಂಡಾರಗಳೇ ಮೇಲು. ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಎಂಬವರು 1970ರಲ್ಲಿ ಅವುಗಳ ತತ್ವವನ್ನು ಪ್ರಕಟಿಸಿದ್ದರು. ಕೆಲಸಕ್ಕೆ ತಕ್ಕ ಪಾತ್ರೆ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಒಬ್ಬಳು ಗೀತಾ, ಇಬ್ಬರು ಗೀತಾ

ಈಗ ಕನ್ನಡದ ಮಾತಿಗೆ ಬರೋಣ. ಶೆಲ್ವ್ ಕಪಾಟಿನಲ್ಲಿ ಚೀಟಿ ಎಂದರೆ ಅಕ್ಷರಗಳ ಸಾಲೇ ಆಗಿರಬೇಕು. ಸಂಖ್ಯೆಯಾದರೂ ಅದನ್ನು ಅಕ್ಷರರೂಪದಲ್ಲಿ ಕೊಡಬೇಕು. ಅಕ್ಷರ ಕನ್ನಡದ್ದಾದರೆ ಅಡ್ಡಿಯಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟ ‘ಯುನಿಕೋಡ್’ ಪಟ್ಟಿಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೂ ಜಾಗೆ ಇತ್ತು. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ‘ಯುಟಿಎಫ್-8’ ಎಂಬ ಕ್ರಮವನ್ನು 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ಊಟದ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ರೂಪಿಸಿದವರು ಯಾರು ಗೊತ್ತೆ? ಡಿಬಿಎಂ ರಚಿಸಿದ ಅದೇ ಕೆನ್ ಥಾಮ್ಸನ್. ಜೊತೆಯಲ್ಲಿದ್ದವರು ರಾಬ್ ಪೈಕ್. ಗೂಡು ಹುಡುಕುವ ಲೆಕ್ಕಕ್ಕೂ ಆ ಗೂಡಿಗೆ ಅಂಟಿಸುವ ಕನ್ನಡದ ಚೀಟಿಗೂ ಹೀಗೆ ಒಬ್ಬರದೇ ಕೈ ತಗಲಿದೆ.

ಈ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. ‘ಗೀತಾ’ ಎಂಬ ಹೆಸರಿನಲ್ಲಿ ಗಕಾರ, ಅದರ ದೀರ್ಘದ ಗುಡಿಸು, ತಕಾರ, ಅದರ ದೀರ್ಘ, ಹೀಗೆ ನಾಲ್ಕು ಸಂಕೇತ, ಹನ್ನೆರಡು ಬೈಟು. ಇದರಲ್ಲಿ ಕಷ್ಟವೇನಿಲ್ಲ. ಕಷ್ಟ ಬೇರೆ ಕಡೆ ಇದೆ.

ಒಂದನೆಯ ತರಗತಿಯಲ್ಲಿ ಮಕ್ಕಳಿಗೆ ‘ಗಿ’ಗೆ ಗುಡಿಸು, ‘ಗೀ’ಗೆ ಗುಡಿಸಿನ ದೀರ್ಘ ಎಂದು ಹೇಳಿಕೊಡುತ್ತೇವಷ್ಟೆ. ಯುನಿಕೋಡಿನಲ್ಲಿ ದೀರ್ಘದ ಗುಡಿಸಿಗೆ ಒಂದೇ ಸಂಕೇತವೂ ಉಂಟು. ಗುಡಿಸು ಒಂದು, ದೀರ್ಘ ಒಂದು ಎಂದು ಎರಡು ಸಂಕೇತಗಳಾಗಿ ಬರೆಯಲೂ ಬರುತ್ತದೆ. ಪರದೆಯ ಮೇಲೆ ಎರಡೂ ಒಂದೇ ‘ಗೀ’. ಕಣ್ಣಿಗೆ ಭೇದ ಕಾಣದು. ಆದರೆ ಮೊದಲನೆಯ ಗೀತಾ ಹನ್ನೆರಡು ಬೈಟಿನವಳು, ಎರಡನೆಯವಳು ಹದಿನೈದು ಬೈಟಿನವಳು. ಒಂದು ಬಗೆಯಲ್ಲಿ ಚೀಟಿ ಬರೆದು ಇನ್ನೊಂದು ಬಗೆಯಲ್ಲಿ ಕೇಳಿದರೆ ಕಪಾಟು ‘ಆ ಹೆಸರಿನವರು ಇಲ್ಲಿ ಇಲ್ಲ’ ಎಂದು ನಿರ್ದಾಕ್ಷಿಣ್ಯವಾಗಿ ಹೇಳಿಬಿಡುತ್ತದೆ. ಎತ್ವದ ದೀರ್ಘ, ಐತ್ವ, ಒತ್ವ, ಓತ್ವಗಳಲ್ಲೂ ಇದೇ ತೊಡಕು. ಗೋಪಾಲನೂ ಕೇಶವನೂ ಇದರಿಂದ ಹೊರತಲ್ಲ.

ಪರಿಹಾರ ಸುಲಭ. ಚೀಟಿ ಬರೆಯುವ ಮೊದಲೂ ಕೇಳುವ ಮೊದಲೂ ಹೆಸರನ್ನು ಒಂದೇ ರೂಪಕ್ಕೆ ತರಬೇಕು. ಪೈಥಾನಿನಲ್ಲಿ ‘ಯುನಿಕೋಡ್‌ಡೇಟಾ’ ಎಂಬ ಇನ್ನೊಂದು ಲೈಬ್ರರಿ ಇದಕ್ಕೆಂದೇ ಇದೆ. ‘ಎನ್‌ಎಫ್‌ಸಿ’ ರೂಪ ಬೇಕೆಂದು ಹೇಳಿದರೆ ಬಿಡಿಯಾಗಿದ್ದ ಗುಡಿಸನ್ನೂ ದೀರ್ಘವನ್ನೂ ಅದು ಕೂಡಿಸಿಕೊಡುತ್ತದೆ. ಅರ್ಧಾಕ್ಷರಗಳನ್ನು ಬಿಡಿಸಿ ತೋರಿಸಲು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅದನ್ನು ಮಾತ್ರ ಈ ಕ್ರಮ ತೆಗೆಯುವುದಿಲ್ಲ. ಅದರ ಬಗ್ಗೆ ಬೇರೆಯೇ ಎಚ್ಚರ ಬೇಕು.

ಗಡಿನಾಡಿನವರಾದ ನಮಗೆ ಇನ್ನೂ ಒಂದು ತೊಡಕು ಉಂಟು. ಮನೆಯಲ್ಲಿ ‘ಗೀತಾ’ ಎಂದು ಬರೆಯುವ ಹೆಸರು ಮಲಯಾಳದಲ್ಲಿ ‘ಗೀತ’ ಎಂದಾಗುವುದು ಅಲ್ಲಿನ ಬರವಣಿಗೆಯ ವಾಡಿಕೆ. ಇಂಗ್ಲಿಷಿನಲ್ಲಿ ಬರೆದರೆ ಹ್ರಸ್ವ ದೀರ್ಘಗಳ ಗುರುತೇ ಉಳಿಯುವುದಿಲ್ಲ. ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ತಂದಾಗ ಅದು ಗೀತವೋ, ಗೀತಾಳೋ, ಗಿತಾಳೋ ಹೇಳುವವರಿಲ್ಲ. ಮನುಷ್ಯರಾದ ಗುಮಾಸ್ತರು ಮುಖ ನೋಡಿ, ತಂದೆಯ ಹೆಸರು ಕೇಳಿ ಸರಿಪಡಿಸಿಕೊಂಡಾರು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಅದರ ಲೆಕ್ಕದಲ್ಲಿ ಇವರು ಮೂವರು ಬೇರೆ ಬೇರೆ ಹುಡುಗಿಯರು.

ಆದುದರಿಂದ ಹೆಸರನ್ನೇ ಚೀಟಿ ಮಾಡಬಾರದೆಂದು ನಮ್ಮ ಸಲಹೆ. ಪ್ರವೇಶ ಸಂಖ್ಯೆಯಂತಹ, ಯಾವ ಭಾಷೆಯಲ್ಲೂ ಬದಲಾಗದ ಗುರುತನ್ನು ಚೀಟಿಯಾಗಿ ಇಟ್ಟುಕೊಂಡು, ಭರಣಿಯ ಒಳಗೆ ಕನ್ನಡದ ಹೆಸರು, ಮಲಯಾಳದ ಹೆಸರು, ಇಂಗ್ಲಿಷಿನ ಹೆಸರು ಎಂದು ಮೂರನ್ನೂ ಬೇರೆ ಬೇರೆಯಾಗಿ ಇಡಬೇಕು. ಒಂದರಿಂದ ಇನ್ನೊಂದನ್ನು ಊಹಿಸಿ ಬರೆಯುವ ಕೆಲಸವನ್ನು ಯಂತ್ರಕ್ಕೆ ಬಿಡಬಾರದು. ತಾಯಿತಂದೆಯರು ಇಟ್ಟ ಹೆಸರು ಅವರು ಬರೆದಂತೆಯೇ ಉಳಿಯಲು ಇದೊಂದೇ ದಾರಿ. ಸಂಖ್ಯೆಯಲ್ಲೂ ಒಂದು ಎಚ್ಚರ: ‘0472’ ಮತ್ತು ‘472’ ಚೀಟಿಗಳಾಗಿ ಬೇರೆ ಬೇರೆ. ಕನ್ನಡ ಅಂಕೆಯಲ್ಲಿ ಬರೆದರೆ ಅದು ಮೂರನೆಯದು. ಯಾವುದಾದರೂ ಒಂದು ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಕಪಾಟು ಯಾರದು?

ಉಪ್ಪಿನಕಾಯಿ ಹಾಕುವ ಕ್ರಮಕ್ಕೆ ಯಾರೂ ಹಕ್ಕುಪತ್ರ ಮಾಡಿಸಿಕೊಂಡಿಲ್ಲ. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಕಲಿಯುತ್ತಾಳೆ, ಬೇಕಾದರೆ ಖಾರ ಹೆಚ್ಚಿಸುತ್ತಾಳೆ. ಪೈಥಾನ್, ಶೆಲ್ವ್, ಪಿಕಲ್‌ಗಳೂ ಹಾಗೆಯೇ. ಅವುಗಳ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ತಿದ್ದಿಕೊಳ್ಳಬಹುದು. ಹಣ ಕೊಡಬೇಕಾಗಿಲ್ಲ. 2001ರಲ್ಲಿ ಸ್ಥಾಪನೆಯಾದ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ ಇದರ ಹಕ್ಕುಗಳನ್ನು ನೋಡಿಕೊಳ್ಳುತ್ತದೆ. ಇಂತಹ ತಂತ್ರಾಂಶಗಳಿಗೆ ಮುಕ್ತ ತಂತ್ರಾಂಶ ಎಂದು ಹೆಸರು.

ಮುಕ್ತ ಎಂಬ ಒಂದು ಮಾತಿನ ಬೆಲೆ ಎಷ್ಟೆಂಬುದಕ್ಕೆ ಇದೇ ಕೀ-ವ್ಯಾಲ್ಯೂ ಲೋಕದ ಒಂದು ಘಟನೆಯನ್ನು ಹೇಳಬಹುದು. ಇಟಲಿಯ ಸಿಸಿಲಿ ದ್ವೀಪದ ಸಾಲ್ವತೋರೆ ಸಾನ್‌ಫಿಲಿಪ್ಪೊ ಎಂಬವರು 2009ರಲ್ಲಿ ‘ರೆಡಿಸ್’ ಎಂಬ ಭಂಡಾರವನ್ನು ರಚಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಇದು ಸರಕನ್ನು ಬೇಗದ ನೆನಪಿನಲ್ಲಿ ಇಟ್ಟುಕೊಂಡೇ ಆಗಾಗ ಡಿಸ್ಕಿಗೂ ಇಳಿಸಿಡುತ್ತದೆ. ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳು ಇದನ್ನು ನೆಚ್ಚಿಕೊಂಡವು. 2020ರಲ್ಲಿ ಸಾನ್‌ಫಿಲಿಪ್ಪೊ ಅದರ ಉಸ್ತುವಾರಿಯಿಂದ ಹಿಂದೆ ಸರಿದರು. 2024ರ ಮಾರ್ಚಿನಲ್ಲಿ, ರೆಡಿಸಿನ ಒಡೆತನದ ಕಂಪನಿಯು ಮುಂದಿನ ಆವೃತ್ತಿಗಳಿಗೆ ಹಿಂದಿನ ಮುಕ್ತ ಪರವಾನಿಗೆಯ ಬದಲು ಹೆಚ್ಚಿನ ಕಟ್ಟುಪಾಡುಗಳಿರುವ ಪರವಾನಿಗೆಯನ್ನು ಪ್ರಕಟಿಸಿತು. ಕೆಲವೇ ದಿನಗಳಲ್ಲಿ, ಹಿಂದಿನ ಮುಕ್ತ ಆವೃತ್ತಿಯಾದ 7.2.4ನ್ನು ಹಿಡಿದುಕೊಂಡು ‘ವಾಲ್‌ಕೀ’ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಯುವುದೆಂದು ಲಿನಕ್ಸ್ ಫೌಂಡೇಶನ್ ಸಾರಿತು. 2025ರ ಮೇ ತಿಂಗಳಲ್ಲಿ ರೆಡಿಸ್ ಕಂಪನಿಯೂ ತನ್ನ 8ನೆಯ ಆವೃತ್ತಿಗೆ ಒಂದು ಮುಕ್ತ ಪರವಾನಿಗೆಯನ್ನು ಮತ್ತೆ ಸೇರಿಸಿತು.

ಇದರಲ್ಲಿ ಯಾರ ಪಕ್ಷ ಸರಿ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ದುಡಿದು ಕಟ್ಟಿದವರಿಗೂ ಹೊಟ್ಟೆ ಉಂಟು. ಗಮನಿಸಬೇಕಾದ್ದು ಇಷ್ಟು: ಒಮ್ಮೆ ಮುಕ್ತವಾಗಿ ಕೊಟ್ಟ ಆವೃತ್ತಿಯನ್ನು ಮರಳಿ ಕಿತ್ತುಕೊಳ್ಳಲು ಬರುವುದಿಲ್ಲ. ಯಜಮಾನರ ಮನಸ್ಸು ಬದಲಾದರೂ ಬಳಸುವವರು ಬೀದಿಗೆ ಬೀಳಲಿಲ್ಲ. ಸಂಖ್ಯೆಯಲ್ಲಿ ಚಿಕ್ಕವರಾದ ನಮ್ಮಂತಹ ಭಾಷಾ ಅಲ್ಪಸಂಖ್ಯಾತರಿಗೆ ಇದು ದೊಡ್ಡ ಮಾತು. ವ್ಯಾಪಾರದ ಲೆಕ್ಕದಲ್ಲಿ ನಾವು ಲಾಭದ ಗಿರಾಕಿಗಳಲ್ಲ. ನಮಗಾಗಿ ಒಂದು ಕಂಪನಿ ತನ್ನ ತಂತ್ರಾಂಶವನ್ನು ತಿದ್ದಿಕೊಟ್ಟೀತೆಂದು ಕಾಯುತ್ತಾ ಕೂರಲಾಗದು. ಕೈಗೆ ಸಿಕ್ಕಿದ ಮುಕ್ತ ಸಾಧನವನ್ನು ನಾವೇ ಕಲಿತು ತಿದ್ದಿಕೊಳ್ಳುವುದು ಲೇಸು.

ಯುನಿಕೋಡ್ ಬಳಕೆಗೆ ಬರುವ ಮುಂಚಿನ ಕಾಲದ ಕನ್ನಡ ಫೈಲುಗಳನ್ನು ನೋಡಿದವರಿಗೆ ಈ ಮಾತು ಬೇಗ ತಿಳಿದೀತು. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪವನ್ನು ಹೊದಿಸಿದ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪದಗಳು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಭರಣಿ ತುಂಬ ಮಿಡಿ ಉಂಟು, ತಿನ್ನಲು ಬಾರದು ಎಂಬಂತಹ ಸ್ಥಿತಿ.

ನಾವು ಮಾಡಬಹುದಾದ್ದು

ನಮ್ಮ ಅನುಕೂಲ ಏನೆಂದರೆ, ಕೇರಳದ ಶಾಲೆಗಳಲ್ಲಿ ಮುಕ್ತ ತಂತ್ರಾಂಶ ಹೊಸದೇನೂ ಅಲ್ಲ. 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ 2017ರಲ್ಲಿ ‘ಕೈಟ್’ ಆಯಿತು. ಅದು ಒದಗಿಸುವ ಗ್ನೂ/ಲಿನಕ್ಸ್ ವ್ಯವಸ್ಥೆಯ ಕಂಪ್ಯೂಟರುಗಳೇ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಮುಂದೆಯೂ ಇವೆ. ಪೈಥಾನಿನ ಮೊದಲ ಪಾಠಗಳೂ ಹೈಸ್ಕೂಲಿನಲ್ಲಿ ಬರುತ್ತವೆ. ಅಲ್ಲಿಂದ ಶೆಲ್ವ್ ಕಪಾಟಿಗೆ ನಾಲ್ಕು ಹೆಜ್ಜೆ ಮಾತ್ರ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ರಜೆಯಲ್ಲಿ ಮನೆಯ ಪುಸ್ತಕಗಳ ಪಟ್ಟಿ, ಊರಿನ ವಾಚನಾಲಯದ ಪಟ್ಟಿ, ಯಕ್ಷಗಾನ ಪ್ರಸಂಗಗಳ ಪಟ್ಟಿ, ಅಜ್ಜಿಯ ಬಾಯಿಂದ ಕೇಳಿದ ಗಾದೆಗಳ ಪಟ್ಟಿ, ಹೀಗೆ ಯಾವುದಾದರೂ ಒಂದನ್ನು ಈ ಕಪಾಟಿನಲ್ಲಿ ಜೋಡಿಸಿ ನೋಡಬಹುದು. ಪಟ್ಟಿಯೂ ಉಳಿಯುತ್ತದೆ, ವಿದ್ಯೆಯೂ ಕೈಗೆ ಹತ್ತುತ್ತದೆ.

ಹಾಗೆ ಮಾಡುವವರು ಎರಡು ಮಾತು ನೆನಪಿಡಬೇಕು. ಒಂದು, ಕಪಾಟಿನ ಫೈಲು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ತೆರನಾಗಿರುವುದಿಲ್ಲ. ಡಿಬಿಎಂ ಮನೆತನದಲ್ಲಿ ಯಾರು ಅಲ್ಲಿದ್ದಾರೆಂಬುದರ ಮೇಲೆ ಒಂದೇ ಕಪಾಟು ಒಂದು ಫೈಲಾಗಬಹುದು, ಎರಡು ಮೂರೂ ಆಗಬಹುದು. ಒಂದರಲ್ಲಿ ಮಾಡಿದ್ದು ಇನ್ನೊಂದರಲ್ಲಿ ತೆರೆಯದೆಯೂ ಹೋಗಬಹುದು. 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಿಂದ, ಹೊಸ ಕಪಾಟುಗಳಿಗೆ ‘ಎಸ್‌ಕ್ಯೂಲೈಟ್’ ಎಂಬ ಭಂಡಾರವನ್ನು ಮೊದಲ ಆಯ್ಕೆಯಾಗಿ ಮಾಡಿದ್ದಾರೆ. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ರಚಿಸಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಈ ಭಂಡಾರದ ಫೈಲು ಒಂದೇ; ಎಲ್ಲ ಬಗೆಯ ಯಂತ್ರಗಳಲ್ಲೂ ಅದನ್ನು ತೆರೆಯಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡಾ ಮಾಹಿತಿಯನ್ನು ಬಹುಕಾಲ ಉಳಿಸಲು ಶಿಫಾರಸು ಮಾಡುವ ರೂಪಗಳಲ್ಲಿ ಇದನ್ನು ಸೇರಿಸಿದೆ.

ಎರಡು, ಉಪ್ಪಿನಕಾಯಿ ಎಷ್ಟು ಚೆನ್ನಾಗಿದ್ದರೂ ಒಂದು ಭರಣಿಯನ್ನೇ ನಂಬಿ ವರ್ಷ ಕಳೆಯುವವರಿಲ್ಲ. ಕಪಾಟಿನಲ್ಲಿ ಇಟ್ಟದ್ದನ್ನೆಲ್ಲ 6 ತಿಂಗಳಿಗೊಮ್ಮೆಯಾದರೂ ಯುನಿಕೋಡಿನ ಸಾದಾ ಬರಹದ ಫೈಲಾಗಿ ಬೇರೆ ಕಡೆ ಇಳಿಸಿಡಬೇಕು. ಪೈಥಾನಿಲ್ಲದ ಯಂತ್ರದಲ್ಲೂ, ಪ್ರೋಗ್ರಾಮು ಬಾರದ ಮನುಷ್ಯನೂ ಅದನ್ನು ಓದಿಯಾನು. ಕಾಗದದ ದಾಖಲೆ ಪುಸ್ತಕವನ್ನು ಬಿಸಾಡುವ ಅವಸರವೂ ಬೇಡ.

ಸಂಘ ಸಂಸ್ಥೆಗಳವರೂ ಇದನ್ನು ಗಮನಕ್ಕೆ ತಂದುಕೊಂಡರೆ ಒಳ್ಳೆಯದು. ಸದಸ್ಯರ ಪಟ್ಟಿಯನ್ನೋ ಗ್ರಂಥಗಳ ಪಟ್ಟಿಯನ್ನೋ ಕಂಪ್ಯೂಟರಿಗೆ ಏರಿಸಿಕೊಡಲು ಯಾರಿಗಾದರೂ ಒಪ್ಪಿಸುವಾಗ ಮೂರು ಪ್ರಶ್ನೆ ಕೇಳಿ: ಕನ್ನಡವು ಯುನಿಕೋಡಿನಲ್ಲಿ ಇರುತ್ತದೆಯೇ? ತಂತ್ರಾಂಶ ಮುಕ್ತವೇ? ನಾಳೆ ನೀವು ಇಲ್ಲದಿದ್ದರೂ ಇದನ್ನು ತೆರೆಯಲು ನಮಗೆ ಬರುತ್ತದೆಯೇ? ಮೂರಕ್ಕೂ ಹೌದೆಂಬ ಉತ್ತರ ಸಿಕ್ಕಿದ ಮೇಲೆಯೇ ಪಟ್ಟಿಯನ್ನು ಕೈಗೆ ಕೊಡಿ. ಹತ್ತನೆಯ ತರಗತಿ ಮುಗಿಸಿದ ನಿಮ್ಮ ಮಗನೋ ಮಗಳೋ ಮನೆಯಲ್ಲಿದ್ದರೆ, ಹೊರಗಿನವರಿಗೆ ಒಪ್ಪಿಸುವ ಮುಂಚೆ ಈ ಕೆಲಸವನ್ನು ಅವರಿಗೊಮ್ಮೆ ಕೊಟ್ಟು ನೋಡಿ.